ಹತ್ತು ವರ್ಷದ ಡ್ರಮ್ಮರ್

ಆರ್ನೆಟ್ ಕೋಲ್‌ಮನ್‌ನ 'ದಿ ಎಂಪ್ಟಿ ಫಾಕ್ಸ್‌ಹೋಲ್' ಆಲ್ಬಮ್ಮನ್ನು ಮೊದಲ ಸಲ ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಸಂಗೀತದ ಮೇಲಲ್ಲ, ಅಪ್ಪನ ಮೇಲೆ.

ಫ್ರೀ ಜಾಝ್ ಅನ್ನೋ ಹೆಸರೇ ಹುಟ್ಟಿದ್ದು ಈ ಸ್ಯಾಕ್ಸೋಫೋನ್ ವಾದಕನ 1961ರ ಆಲ್ಬಮ್ಮಿನಿಂದ ಅಂತ ಹೇಳೋರಿದ್ದಾರೆ. ನಾನು ಹೇಳ್ತಿರೋದು 1966ರದ್ದು. ನ್ಯೂಜೆರ್ಸಿಯ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ, ಬ್ಲೂ ನೋಟ್ ಕಂಪನಿಗಾಗಿ ರೆಕಾರ್ಡ್ ಮಾಡಿದ್ದು. ಇರೋದು ಮೂರೇ ಜನ: ಸ್ಯಾಕ್ಸೋಫೋನ್, ಟ್ರಂಪೆಟ್, ವಯಲಿನ್ ಮೂರನ್ನೂ ನುಡಿಸುವ ಆರ್ನೆಟ್, ಬಾಸ್ ಹಿಡಿದ ಚಾರ್ಲಿ ಹೇಡನ್, ಡ್ರಮ್ಸ್ ಮುಂದೆ ಆರ್ನೆಟ್‌ನ ಮಗ ಡೆನಾರ್ಡೊ. ಅವನಿಗಾಗ ಹತ್ತು ವರ್ಷ.

ಎಲ್ವಿನ್ ಜೋನ್ಸ್ ಥರದವರು ಕೂತು ನುಡಿಸಿದ ಸ್ಟುಡಿಯೋ ಅದು. ಅಲ್ಲಿಗೆ ಕೈ ಇನ್ನೂ ಪಳಗದ ಹುಡುಗನನ್ನು ತಂದು ಕೂರಿಸಬಹುದಾ? ಆಗ ಗೇಲಿ ಮಾಡಿದವರು ಬೇಕಾದಷ್ಟು ಜನ. ದುಡ್ಡು ಕೊಟ್ಟು ಕೊಂಡವನಿಗೆ ಮೋಸ ಅಲ್ವಾ ಅನ್ನೋದು ಅವರ ತಕರಾರು. ಇದು ನನಗೆ ಅಷ್ಟೇನೂ ದೊಡ್ಡದಾಗಿ ಕಾಣಲ್ಲ; ನುಡಿಸಿದ್ದು ಯಾರು ಅಂತ ಅಪ್ಪ ಮುಚ್ಚಿಟ್ಟಿರಲಿಲ್ಲ. ಕಾಡಿದ್ದು ಇನ್ನೊಂದು. ಊರೆಲ್ಲಾ ನಗೋದು ಅಂದ್ರೆ ಏನು ಅಂತ ಆ ವಯಸ್ಸಿಗೆ ಗೊತ್ತಿರುತ್ತಾ? ಅಪ್ಪ ಕರೆದರೆ ಯಾವ ಮಗು ಬರಲ್ಲ ಅನ್ನುತ್ತೆ? ಅದು ಒಪ್ಪಿಗೆಯಾ?

ಆಮೇಲೆ ಇನ್ನೂ ನಾಕೈದು ಸಲ ಕೇಳಿದೆ. ಹುಡುಗ ಒಂದೇ ತಾಳಕ್ಕೆ ಕಟ್ಟುಬೀಳಲ್ಲ. ಅಪ್ಪ ಏರಿದಾಗ ಏರ್ತಾನೆ, ಕೆಲವು ಕಡೆ ತನ್ನ ಪಾಡಿಗೆ ತಾನು ಹೊರಟುಬಿಡ್ತಾನೆ. ಹೇಡನ್‌ನ ಬಾಸ್ ಇಬ್ಬರ ನಡುವೆ ಗಟ್ಟಿಯಾಗಿ ನಿಂತಿರುತ್ತೆ. ಆರ್ನೆಟ್‌ಗಾದರೂ ಟ್ರಂಪೆಟ್, ವಯಲಿನ್ ತಾನೇ ತಾನಾಗಿ ಕಲಿತ ವಾದ್ಯಗಳು. ಅದಕ್ಕೂ ಜನ ನಕ್ಕಿದ್ದರು. ಅಂದ್ರೆ ಮಗನನ್ನು ನೀರಿಗೆ ತಳ್ಳಿ ತಾನು ದಡದಲ್ಲಿ ನಿಂತ ಅಪ್ಪನಲ್ಲ ಅವನು.

ನಾನು ದಡದಲ್ಲಿ ನಿಂತವನು. ಮಗಳಿಗೆ ಒಂಬತ್ತಾಗಿದ್ದಾಗ ಒಂದು ಮದುವೆಮನೆಯಲ್ಲಿ "ಅಪ್ಪಾ, ನಾನೂ ಹಾಡ್ತೀನಿ" ಅಂದಳು. ಶ್ರುತಿ ಸೇರ್ತಿರಲಿಲ್ಲ. "ಇನ್ನೊಂದ್ ವರ್ಷ ಕಲಿ ಪುಟ್ಟಿ, ಆಮೇಲೆ ಹಾಡುವಿಯಂತೆ" ಅಂದೆ. ಅವಳ ಒಳ್ಳೇದಕ್ಕೇ ಅಂದದ್ದು ಅಂತ ಬಹಳ ದಿನ ನಂಬಿಕೊಂಡಿದ್ದೆ. ಆದ್ರೆ ಆ ಹೊತ್ತಲ್ಲಿ ನಾನು ನೋಡ್ತಿದ್ದದ್ದು ಅವಳ ಮುಖವನ್ನಲ್ಲ, ಎದುರಿಗೆ ಕೂತ ಬೀಗರ ಮುಖವನ್ನು. ಮುಂದಿನ ವರ್ಷ ಅವಳು ಕೇಳಲೇ ಇಲ್ಲ.

ಡೆನಾರ್ಡೊ ದೊಡ್ಡವನಾದ ಮೇಲೂ ಅಪ್ಪನ ಜೊತೆ ದಶಕಗಳ ಕಾಲ ನುಡಿಸಿದ. 2007ರಲ್ಲಿ ಪುಲಿಟ್ಜರ್ ಪಡೆದ 'ಸೌಂಡ್ ಗ್ರಾಮರ್'ನಲ್ಲಿ ಡ್ರಮ್ಸ್ ಅವನದೇ. ನೋಡಿ, ಅಪ್ಪನೇ ಸರಿ ಅಂತ ಇಲ್ಲಿ ಷರಾ ಬರೆದುಬಿಡೋದು ಸುಲಭ. ನನಗದು ಒಪ್ಪಿಗೆಯಾಗಲ್ಲ. ಹುಡುಗ ದೊಡ್ಡವನಾಗಿ ಬ್ಯಾಂಕ್ ಕೆಲಸಕ್ಕೆ ಸೇರಿದ್ದರೆ 1966ರ ಆ ದಿನ ತಪ್ಪಾಗಿಬಿಡ್ತಿತ್ತಾ? ಸರಿಯೋ ತಪ್ಪೋ, ಅದು ಆ ಕೋಣೆಯಲ್ಲಿ ಆವತ್ತೇ ಇರಬೇಕು. ಹುಡುಗ ಎಡವಿದ ಕಡೆ ಅಪ್ಪ ನಿಲ್ಲಿಸಿ ತಿದ್ದಿಲ್ಲ, ಅವನನ್ನು ಕೇಳಿಸಿಕೊಂಡೇ ಮುಂದೆ ಹೋಗಿದ್ದಾನೆ. ನನಗೆ ಕೇಳೋದು ಇಷ್ಟೇ. ಒಪ್ಪಿಗೆಯ ಪ್ರಶ್ನೆ ಇನ್ನೂ ಹಾಗೇ ಇದೆ.