ಮಾಡಿನ ಬಣ್ಣ ಯಾರದು?

ಮನೆ ಕಟ್ಟಿಸುವ ಗೃಹಸ್ಥನು ಪಾಯ ತೋಡುವುದರಿಂದ ಹಿಡಿದು ಹೊಸ್ತಿಲು ನಿಲ್ಲಿಸುವವರೆಗೆ ಜೋಯಿಸರನ್ನೂ ಮೇಸ್ತ್ರಿಯನ್ನೂ ನೆಂಟರಿಷ್ಟರನ್ನೂ ಮೇಲಿಂದ ಮೇಲೆ ವಿಚಾರಿಸಿ, ಆಯ ನೋಡಿಸಿ, ಮುಹೂರ್ತವಿಡಿಸಿ, ಗೋಡೆಗಳು ಎದ್ದು ನಿಂತು ಅವಕ್ಕೆ ಬಳಿಯಬೇಕಾದ ಬಣ್ಣವೂ ನಿಶ್ಚಯವಾದ ಬಳಿಕ, ಕಟ್ಟಕಡೆಗೆ ಮಾಡಿನ ಬಣ್ಣದ ಪ್ರಶ್ನೆಗೆ ಬರುತ್ತಾನೆ. ಬಂದು, ಗೋಡೆಗೆ ಯಾವುದು ಒಪ್ಪೀತು, ಅಂಗಡಿಯಲ್ಲಿ ಯಾವುದು ಅಗ್ಗವಾಗಿ ಸಿಕ್ಕೀತು ಎಂಬ ಎರಡು ಮಾತುಗಳಲ್ಲಿ ಅದನ್ನು ತೀರಿಸಿಬಿಡುತ್ತಾನೆ. ಲೋಕವ್ಯವಹಾರಕ್ಕೆ ಅಷ್ಟು ಸಾಕು. ಆದರೆ ಈ ಪ್ರಶ್ನೆಯಲ್ಲಿ ಒಂದು ವೈಚಿತ್ರ್ಯವುಂಟು. ಮನೆಯ ಅಂಗಾಂಗಗಳಲ್ಲೆಲ್ಲ ಮನೆಯೊಡೆಯನ ಕಣ್ಣಿಗೆ ಅತಿ ವಿರಳವಾಗಿ ಬೀಳುವ ಭಾಗವೆಂದರೆ ಮಾಡಿನ ಹೊರಮೈ. ಒಳಗೆ ಮಲಗಿ ಮೇಲೆ ನೋಡಿದರೆ ಅವನಿಗೆ ಕಾಣುವುದು ಪಕ್ಕಾಸು, ರೀಪು, ಹೆಂಚಿನ ಅಡಿಮೈ, ನಡುವೆ ಎಲ್ಲೋ ಒಂದು ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲುಕೋಲು; ಜಗಲಿಗೆ ಬಂದು ಕುಳಿತರೆ ಅದೂ ಇಲ್ಲ. ಅವನು ಹಣ ತೆತ್ತು ಆರಿಸಿ ತಂದ ಬಣ್ಣವನ್ನು ದಿನವೂ ನೋಡುವವರು ಎದುರು ಗುಡ್ಡದ ಮನೆಯವರು, ಘಟ್ಟದ ರಸ್ತೆಯ ತಿರುವಿನಲ್ಲಿ ಬಸ್ಸಿನ ಕಿಟಕಿಯಿಂದ ಇಣುಕುವ ಅಪರಿಚಿತರು, ಮೇಲೆ ಸುತ್ತುವ ಹದ್ದುಗಳು. ಕೊಂಡವನೊಬ್ಬನು, ಕಾಣುವವನು ಮತ್ತೊಬ್ಬನು ಆಗಿರುವಲ್ಲಿ ಆ ಬಣ್ಣವು ಯಾರ ಸ್ವತ್ತು, ಅದನ್ನು ಆರಿಸುವ ಅಧಿಕಾರ ಯಾರಿಗೆ ಎಂಬುದನ್ನು ಅಭಿರುಚಿಯ ಮಾತೆಂದು ತಳ್ಳಿಬಿಡದೆ ಧರ್ಮಜಿಜ್ಞಾಸೆಯ ಮಾತೆಂದು ಎತ್ತಿಕೊಳ್ಳುವುದು ನನಗೆ ಯುಕ್ತವಾಗಿ ತೋರುತ್ತದೆ.

ಅಧಿಕಾರವನ್ನು ವಿಚಾರಿಸುವುದಕ್ಕೆ ಮುಂಚೆ ವಸ್ತುವನ್ನು ವಿಚಾರಿಸಬೇಕು. ಮಂಗಳೂರಿನ ಹೆಂಚಿಗೆ ಅದರ ಕೆಂಪು ಎಲ್ಲಿಂದ ಬಂದಿತು? ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು ಹಸಿಯಾಗಿರುವಾಗ ಬೂದು, ಇಲ್ಲವೆ ಕಂದು. ಅದನ್ನು ಅರೆದು, ನಾದಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿ ಸುಟ್ಟರೆ, ಮಣ್ಣಿನೊಳಗೆ ಅಡಗಿದ್ದ ಕಬ್ಬಿಣದ ಅಂಶವು ಗಾಳಿಯ ಆಮ್ಲಜನಕದೊಡನೆ ಕೂಡಿ ಕೆಂಪಾಗುತ್ತದೆ. ಗಾಳಿ ಸಾಲದೆ ಹೋದರೆ ಅದೇ ಮಣ್ಣು ಅದೇ ಬೆಂಕಿಯಲ್ಲಿ ಕಪ್ಪಾಗಿ ಹೊರಬರುತ್ತದೆ. ಹೀಗೆ ಪಾಕದಿಂದ ಹುಟ್ಟುವ ರೂಪವನ್ನು ನಮ್ಮ ತಾರ್ಕಿಕರು ಪಾಕಜವೆಂದು ಕರೆದು, ಅದರ ವಿಷಯವಾಗಿ ನಡೆಸಿದ ವಾದವು ದರ್ಶನಗಳ ಇತಿಹಾಸದಲ್ಲಿ ಬಹು ಸ್ವಾರಸ್ಯವಾದ ಒಂದು ಪ್ರಕರಣ.

ವೈಶೇಷಿಕರ ಮತದಲ್ಲಿ ಹಸಿ ಮಡಕೆಯು ಆವಿಗೆಯೊಳಗೆ ಹಾಗೆಯೇ ಉಳಿಯುವುದಿಲ್ಲ. ಅಗ್ನಿಯ ಅಭಿಘಾತದಿಂದ ಅದು ಪರಮಾಣುಗಳವರೆಗೆ ಬಿಡಿಬಿಡಿಯಾಗಿ, ಆ ಪರಮಾಣುಗಳಲ್ಲಿ ಕಪ್ಪು ನಾಶವಾಗಿ ಕೆಂಪು ಹುಟ್ಟಿ, ಅವು ಮರಳಿ ಕೂಡಿಕೊಂಡು ಬೇರೊಂದು ಮಡಕೆಯೇ ಆಗುತ್ತದೆ; ಇದೆಲ್ಲವೂ ಕಣ್ಣಿಗೆ ನಿಲುಕದ ವೇಗದಲ್ಲಿ ಆಗಿಹೋಗುವುದರಿಂದ ಹಳೆಯ ಮಡಕೆಯೇ ಕೆಂಪಾಯಿತೆಂದು ನಾವು ಬಗೆಯುತ್ತೇವೆ. ಇದು ಪೀಲುಪಾಕವಾದ. ನೈಯಾಯಿಕರು ಇದನ್ನೊಪ್ಪರು. ಮಡಕೆಯು ಒಡೆದು ಪುಡಿಯಾಗುವುದಾದರೆ ಅದರ ಮೇಲೆ ಪೇರಿಸಿದ ಮಡಕೆಗಳು ಕುಸಿಯಬೇಡವೆ, ಹೊರತೆಗೆದಾಗ ಅದೇ ಆಕಾರ, ಅದೇ ಎಣಿಕೆ, ಅದೇ ಗುರುತುಗಳು ಹೇಗೆ ಉಳಿದಾವು, ಇದು ನಾನು ಇಟ್ಟ ಮಡಕೆಯೇ ಎಂಬ ಪ್ರತ್ಯಭಿಜ್ಞೆ ಸುಳ್ಳೆ ಎಂದು ಕೇಳಿ, ಮಡಕೆಯ ಸೂಕ್ಷ್ಮರಂಧ್ರಗಳಿಂದ ತೇಜಸ್ಸು ಒಳಹೊಕ್ಕು ಇಡಿಯ ಅವಯವಿಯನ್ನೇ ಬೇಯಿಸುತ್ತದೆಂದು ಅವರು ಸಾಧಿಸುತ್ತಾರೆ. ಇದು ಪಿಠರಪಾಕವಾದ. ಈ ಪಂಡಿತರು ಒಂದು ಹೆಂಚಿನ ಕಾರ್ಖಾನೆಯನ್ನು ನೋಡಿದ್ದರೆ ವಾದವು ಎತ್ತ ತಿರುಗುತ್ತಿತ್ತೋ ಎಂದು ನನಗೆ ಕುತೂಹಲ. ಹಳೆಯ ಹೆಂಚೊಂದನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರೂ ಊರಿನ ಹೆಸರೂ, ಹಸಿಮಣ್ಣಿನಲ್ಲಿ ಒತ್ತಿದ ಅಕ್ಷರಗಳು, ಒಂದು ಗೆರೆಯೂ ಕದಲದೆ ಬೆಂಕಿಯನ್ನು ದಾಟಿ ಬಂದಿರುವುದು ಕಾಣುತ್ತದೆ. ಕೆಲವೊಮ್ಮೆ ಅಂಚಿನಲ್ಲಿ, ಅದನ್ನು ಅಚ್ಚಿನಿಂದ ಎತ್ತಿಟ್ಟ ಯಾವಳೋ ಕೆಲಸಗಾರ್ತಿಯ ಬೆರಳ ಗುರುತೂ ಉಂಟು. ನೈಯಾಯಿಕನಿಗೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಡ. ಅದೇ ಹೆಂಚು ಒಡೆದಿದ್ದು, ಬೇಯುವಾಗ ಬೆಂಕಿ ಸಾಲದೆ ಹೋಗಿದ್ದರೆ, ದಪ್ಪದ ನಡುವೆ ಒಂದು ಕಪ್ಪು ಪಟ್ಟೆ ಉಳಿದು, ಪಾಕವು ಹೊರಗಿನಿಂದ ಒಳಕ್ಕೆ ಮೆಲ್ಲಮೆಲ್ಲನೆ ನಡೆಯಿತೆಂಬುದನ್ನು ಹೇಳುತ್ತದೆ.

ಯಾರು ಗೆದ್ದರೆಂಬುದಕ್ಕಿಂತ ಇಬ್ಬರೂ ವಿವಾದವಿಲ್ಲದೆ ಒಪ್ಪಿದ ಅಂಶವು ನಮ್ಮ ಪ್ರಕೃತಕ್ಕೆ ಹೆಚ್ಚು ಉಪಯುಕ್ತ. ಪಾಕಜವಾದ ಕೆಂಪು ಆ ದ್ರವ್ಯದ ಸ್ವಂತ ಗುಣ. ಹೆಂಚು ಇರುವವರೆಗೂ ಅದು ಇರುತ್ತದೆ, ಚೆನ್ನಾಗಿ ಬೆಂದಿದ್ದರೆ ಒಡೆದಾಗ ಒಳಗೂ ಅದೇ ಇರುತ್ತದೆ. ಬಳಿದ ಬಣ್ಣದ ಕಥೆ ಬೇರೆ. ದಾಸವಾಳದ ಸಾನ್ನಿಧ್ಯದಿಂದ ಸ್ಫಟಿಕವು ಕೆಂಪಾಗಿ ತೋರುವುದನ್ನು ವೇದಾಂತಿಗಳು ಉಪಾಧಿಗೆ ದೃಷ್ಟಾಂತವಾಗಿ ಕೊಡುತ್ತಾರಷ್ಟೆ. ಡಬ್ಬಿಯಿಂದ ಬಂದ ಬಣ್ಣವೂ ಅಂಥ ಉಪಾಧಿಯೇ, ಮತ್ತು ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಹೊಡೆಯುವ ಕರಾವಳಿಯಲ್ಲಿ ಆ ಉಪಾಧಿಯ ಆಯುಸ್ಸು ಎಷ್ಟೆಂಬುದನ್ನು ಹೇಳಲು ವೇದಾಂತದ ಪರಿಶ್ರಮ ಬೇಕಿಲ್ಲ. ಕೆಂಪು ಹೆಂಚಿಗೆ ಕೆಂಪು ಬಣ್ಣವನ್ನೇ ತಂದು ಬಳಿಯುವವರೂ ಉಂಟು. ಇದಕ್ಕೆ ಮಾತ್ರ ಆರು ದರ್ಶನಗಳಲ್ಲಿ ಯಾವುದರಲ್ಲಿಯೂ ಸಮಾಧಾನ ದೊರೆಯಲಾರದು.

ಇಷ್ಟು ಹೇಳಿದೊಡನೆ, ಹಾಗಾದರೆ ಕೆಂಪು ಹೆಂಚೇ ಸನಾತನ, ಉಳಿದುದೆಲ್ಲ ಅಪಚಾರ ಎಂದು ತೀರ್ಮಾನಿಸುವ ಆತುರ ಕೆಲವರಿಗೆ ಬರುವುದು ಸಹಜ. ಅವರು ಸ್ವಲ್ಪ ತಾಳಬೇಕು. ನಾವು ಈಗ ತುಳುನಾಡಿನ, ಮಲೆನಾಡಿನ ಲಕ್ಷಣವೆಂದೇ ತಿಳಿದಿರುವ ಆ ಕೆಂಪು ಮಾಡುಗಳು ಬಂದದ್ದು ಬಾಸೆಲ್ ಮಿಷನ್ನಿನಿಂದ. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆಯನ್ನು ತೆರೆದದ್ದು 1865ರಲ್ಲಿ. ಮತಾಂತರದಿಂದ ಕುಲವೃತ್ತಿಯನ್ನೂ ಬಂಧುಬಳಗವನ್ನೂ ಕಳೆದುಕೊಂಡವರಿಗೆ ಒಂದು ಜೀವನೋಪಾಯ ಕಲ್ಪಿಸುವುದು ಆ ಉದ್ಯಮದ ಉದ್ದೇಶಗಳಲ್ಲೊಂದು. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಆ ಚಪ್ಪಟೆ ಹೆಂಚಿನ ಮಾದರಿಯೂ ಯೂರೋಪಿನದೇ. ಅದಕ್ಕೆ ಹಿಂದೆ ಬಹುಪಾಲು ಮನೆಗಳ ಮೇಲಿದ್ದುದು ಮುಳಿಹುಲ್ಲು, ಅಡಿಕೆಯ ಸೋಗೆ, ತೆಂಗಿನ ಮಡಲು. ಅವುಗಳ ಬಣ್ಣ ಹೊದಿಸಿದ ವರ್ಷ ಹೊಂಬಣ್ಣ, ಒಂದು ಮಳೆಗಾಲ ಕಳೆದರೆ ಬೂದಿಬಣ್ಣ. ನೆರೆಯ ಮಲೆಯಾಳ ದೇಶದಲ್ಲಂತೂ ಅರಸನ ಅಪ್ಪಣೆಯಿಲ್ಲದೆ ಸಾಮಾನ್ಯನು ಹೆಂಚು ಹೊದಿಸುವಂತಿರಲಿಲ್ಲ; ಅದು ದೇವಾಲಯಕ್ಕೂ ಅರಮನೆಗೂ ಮೀಸಲಾದ ಮರ್ಯಾದೆಯಾಗಿತ್ತು. ಆದ್ದರಿಂದ ಕೆಂಪು ಮಾಡಿನ ಪರವಾಗಿ ಪುರಾತನತ್ವವನ್ನು ಎತ್ತಿ ಹೇಳುವಂತಿಲ್ಲ. ಅದರ ಪರವಾಗಿ ಹೇಳಬಹುದಾದ ನಿಜವಾದ ಮಾತೆಂದರೆ, ಅದು ಆ ನೆಲದ ಮಣ್ಣಿನಿಂದಲೇ ಬಂದಿತು, ಮತ್ತು ಒಮ್ಮೆ ಕೆಲವರಿಗಷ್ಟೇ ಸಲ್ಲುತ್ತಿದ್ದ ಗೌರವವನ್ನು ಎಲ್ಲರಿಗೂ ಸಮವಾಗಿ ಹಂಚಿತು.

ನೆಲದಿಂದ ಬಂದ ಬಣ್ಣಗಳು ಬೇರೆಡೆಯೂ ಉಂಟು. ಬಯಲುಸೀಮೆಯ ಮಾಳಿಗೆ ಮನೆಯ ಮೇಲುಮುದ್ದೆಗೆ ಊರ ಹೊಲದ ಮಣ್ಣಿನ ಬಣ್ಣವೇ ಬಣ್ಣ. ಕಲಬುರಗಿಯ ಕಡೆ ಮಾಳಿಗೆಗೆ ಶಹಾಬಾದಿನ ಪರಸಿ ಹಾಸಿದರೆ ಮನೆಯೂ ಬಂಡೆಯೂ ಒಂದೇ ನಸುನೀಲಿ ಬೂದು. ಆರಿಸುವ ಪ್ರಮೇಯವೇ ಅಲ್ಲಿ ಏಳಲಿಲ್ಲ. ಆರಿಸುವ ಸ್ವಾತಂತ್ರ್ಯವು ಇಲ್ಲದಿದ್ದಾಗ ಊರುಗಳು ಸುಂದರವಾಗಿದ್ದುವೆಂದು ಹೇಳಿ ಸ್ವಾತಂತ್ರ್ಯವನ್ನು ಹಳಿಯುವುದು ನನ್ನ ಅಭಿಪ್ರಾಯವಲ್ಲ. ಸ್ವಾತಂತ್ರ್ಯ ಬಂದ ಬಳಿಕ ವಿವೇಕವೂ ಬರಬೇಕಾಗುತ್ತದೆ, ಅಷ್ಟೆ.

ಬಣ್ಣವನ್ನು ಬುದ್ಧಿಪೂರ್ವಕವಾಗಿ, ದೈವಭೀತಿಯಿಂದ ಆರಿಸಿದ ಒಂದು ನಿದರ್ಶನವನ್ನು ನೋಡಬೇಕಾದರೆ ಚೀನಾ ದೇಶಕ್ಕೆ ಹೋಗಬೇಕು. ಬೀಜಿಂಗಿನ ಅರಮನೆಯ ಪ್ರಧಾನ ಮಂದಿರಗಳ ಮಾಡು ಹಳದಿ. ಆ ಹಳದಿ ಚಕ್ರವರ್ತಿಯ ಬಣ್ಣ. ರಾಜಕುಮಾರರ ನಿವಾಸಕ್ಕೆ ಹಸುರು. ಗ್ರಂಥಾಲಯವೊಂದರ ಮಾಡಿಗೆ ಮಾತ್ರ ಕಪ್ಪು, ಏಕೆಂದರೆ ಅವರ ಶಾಸ್ತ್ರದಲ್ಲಿ ಕಪ್ಪು ಜಲತತ್ತ್ವದ ಬಣ್ಣ, ಗ್ರಂಥಗಳಿಗೆ ಅಗ್ನಿಯ ಭಯ. ಅರಮನೆಯ ದಕ್ಷಿಣಕ್ಕೆ ಸ್ವರ್ಗದ ಆಲಯವಿದೆ. ಅಲ್ಲಿ ಸುಭಿಕ್ಷಕ್ಕಾಗಿ ಪ್ರಾರ್ಥಿಸುವ ದುಂಡು ಮಂದಿರದ ಮೂರು ಸೂರುಗಳಿಗೆ 1545ರಲ್ಲಿ ಮೇಲಿನಿಂದ ನೀಲಿ, ಹಳದಿ, ಹಸುರು ಎಂದು ಆಕಾಶಕ್ಕೊಂದು, ಭೂಮಿಗೊಂದು, ಚರಾಚರ ಸೃಷ್ಟಿಗೊಂದು ಬಣ್ಣವನ್ನು ಹಂಚಿದ್ದರು. 1751ರಲ್ಲಿ ಚಿಯನ್‌ಲಾಂಗ್ ಚಕ್ರವರ್ತಿಯ ಕಾಲಕ್ಕೆ ಮೂರನ್ನೂ ನೀಲಿಯಾಗಿಸಿದರು. 1889ರಲ್ಲಿ ಸಿಡಿಲು ಬಡಿದು ಮಂದಿರ ಉರಿದುಹೋದ ಮೇಲೆ ಪುನಃ ಕಟ್ಟಿದಾಗಲೂ ನೀಲಿಯೇ ನಿಂತಿತು. ಆದರೆ ನನ್ನ ಮನಸ್ಸನ್ನು ಹಿಡಿದುದು ಈ ಪ್ರಸಿದ್ಧವಾದ ನೀಲಿಯಲ್ಲ. ಅದೇ ಆವರಣದಲ್ಲಿ, ಪೂಜೆಗೆ ಮುಂಚೆ ಚಕ್ರವರ್ತಿಯು ಉಪವಾಸವಿದ್ದು ನಿಯಮಸ್ಥನಾಗಿ ತಂಗುತ್ತಿದ್ದ ಉಪವಾಸದ ಅರಮನೆಯೊಂದುಂಟು. ಅದರ ಮಾಡಿಗೆ ಹೊದಿಸಿರುವುದು ಹಸುರು ಹೆಂಚು. ಇಡೀ ಸಾಮ್ರಾಜ್ಯದಲ್ಲಿ ಹಳದಿಗೆ ಒಡೆಯನಾದವನು ದೇವರ ಅಂಗಳಕ್ಕೆ ಬಂದಾಗ ತನ್ನ ಬಣ್ಣವನ್ನು ಹೊರಗೆ ಬಿಟ್ಟು, ತನ್ನ ಮಕ್ಕಳಿಗೆ ಸಲ್ಲುವ ಬಣ್ಣದ ಕೆಳಗೆ ಮಲಗಿದನು. ಆ ರಾತ್ರಿ ಅವನು ಮಗನ ಸ್ಥಾನದಲ್ಲಿದ್ದನು. ಮಲಗಿದವನಿಗೆ ಮಾಡಿನ ಬಣ್ಣ ಕಾಣುತ್ತಿರಲಿಲ್ಲ, ಕಾಣಬೇಕಾದುದು ಆಕಾಶಕ್ಕೆ.

ಈ ಹೆಂಚುಗಳ ಬಣ್ಣ ಮಣ್ಣಿನದಲ್ಲ, ಮೇಲೆ ಲೇಪಿಸಿ ಸುಟ್ಟ ಗಾಜಿನದು. ಪಾಕಜವೂ ಹೌದು, ಲೇಪವೂ ಹೌದು. ಹಾಗಾಗಿ ಸ್ವಂತ ಗುಣವೆ ಉಪಾಧಿಯೆ ಎಂದು ನಾನು ಮೇಲೆ ಎಳೆದ ಗೆರೆ ಇಲ್ಲಿ ಸ್ವಲ್ಪ ಮಾಸುತ್ತದೆಂದು ಒಪ್ಪಲೇಬೇಕು. ಬಣ್ಣವನ್ನು ಸಮರ್ಥಿಸುವುದು ಅದರ ಹುಟ್ಟು ಮಾತ್ರವಲ್ಲ, ಯಾರನ್ನು ಉದ್ದೇಶಿಸಿ ಅದನ್ನು ಇಟ್ಟರೆಂಬುದೂ ಸೇರುತ್ತದೆ. ಚಿದಂಬರದ ಚಿತ್ಸಭೆಯ ಹೊನ್ನ ಮಾಡಿನಲ್ಲಿ 21,600 ಹೆಂಚುಗಳಿವೆ, ಮನುಷ್ಯನು ಒಂದು ಅಹೋರಾತ್ರದಲ್ಲಿ ಎಳೆಯುವ ಉಸಿರುಗಳ ಸಂಖ್ಯೆಯೇ ಅದು ಎಂಬುದು ಸಂಪ್ರದಾಯ. ಆಕಾಶವನ್ನೇ ಲಿಂಗವೆಂದು ಪೂಜಿಸುವ ಎಡೆಯಲ್ಲಿ ಚಿನ್ನವು ಶ್ರೀಮಂತಿಕೆಯ ಪ್ರದರ್ಶನವೆಂದು ಯಾರಿಗೂ ತೋರುವುದಿಲ್ಲ. ಅದೇ ಚಿನ್ನದ ಬಣ್ಣವನ್ನು ನಮ್ಮ ಬಡಾವಣೆಯ ಒಂದು ಮನೆಯ ಮೇಲೆ ಊಹಿಸಿಕೊಳ್ಳಿ.

ಇಲ್ಲಿ ವಾಸ್ತುಶಾಸ್ತ್ರಜ್ಞರು ಏನೆನ್ನುತ್ತಾರೆಂದು ಕೇಳುವವರಿದ್ದಾರೆ. ಬಿಳಿ, ಕೆಂಪು, ಹಳದಿ, ಕಪ್ಪು ನೆಲಗಳನ್ನು ನಾಲ್ಕು ವರ್ಣದವರಿಗೆ ಕ್ರಮವಾಗಿ ವಿಧಿಸುವ ಮಾತು ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಉಂಟು. ರಾಶಿಗೊಂದು, ದಿಕ್ಕಿಗೊಂದು ಎಂದು ಈಗ ಮಾಡಿನ ಬಣ್ಣವನ್ನು ಹೇಳಿಕೊಡುವವರ ಆಧಾರ ಯಾವುದೋ ಅವರೇ ಬಲ್ಲರು. ಮನುಷ್ಯರನ್ನು ಬಣ್ಣದಿಂದ ವಿಂಗಡಿಸುವ ವಿಧಿಯನ್ನು ನೆಲದಿಂದ ಮಾಡಿಗೆ ಏರಿಸುವ ಅಗತ್ಯ ನನಗೆ ಕಾಣದು.

ಇನ್ನು ಕಣ್ಣಿನ ಮಾತು. ಅಡಿಕೆ ತೋಟದ ಹಸುರನ್ನು ಬಹಳ ಹೊತ್ತು ದಿಟ್ಟಿಸಿ, ಸುಣ್ಣ ಬಳಿದ ಗೋಡೆಯತ್ತ ದೃಷ್ಟಿ ತಿರುಗಿಸಿದರೆ ಗೋಡೆಯ ಮೇಲೆ ಕ್ಷಣಕಾಲ ನಸುಗೆಂಪಿನ ಛಾಯೆ ತೇಲುತ್ತದೆ. ಹಸುರಿನಿಂದ ದಣಿದ ಕಣ್ಣು ತಾನೇ ಕೆಂಪನ್ನು ಬೇಡುತ್ತದೆ. ಬಿಳಿಯ ಗೋಡೆ, ಕೆಂಪು ಮಾಡು, ಸುತ್ತ ತೋಟ ಎಂಬ ಚಿತ್ರವು ನಮಗೆ ಹಿತವಾಗುವುದಕ್ಕೆ ಇದೂ ಒಂದು ಕಾರಣ. ಇದನ್ನು ಹಿಡಿದು, ಬಣ್ಣವೆಲ್ಲ ಚಿತ್ತದಲ್ಲಿಯೇ ಇದೆಯೆಂದು ವಾದಿಸಬಹುದು. ನೀಲವೂ ನೀಲದ ಅರಿವೂ ಸದಾ ಒಟ್ಟಿಗೇ ತೋರುವುದರಿಂದ ಅವೆರಡೂ ಬೇರೆಯಲ್ಲವೆಂದು ಬೌದ್ಧಾಚಾರ್ಯ ಧರ್ಮಕೀರ್ತಿ ವಾದಿಸಿಯೂ ಇದ್ದಾನೆ. ಆಚಾರ್ಯನ ತರ್ಕವನ್ನು ಖಂಡಿಸುವ ಶಕ್ತಿ ನನಗಿಲ್ಲ. ಆದರೂ ಮಲೆನಾಡಿನ ಕಣಿವೆಯೊಂದರಲ್ಲಿ ಹೊಸದಾಗಿ ಹೊದಿಸಿದ ಕಡುನೀಲಿಯ ಶೀಟಿನ ಮಾಡು ಮಧ್ಯಾಹ್ನದ ಬಿಸಿಲಿಗೆ ಝಗಝಗಿಸುವಾಗ, ಅದು ನನ್ನ ಅರಿವಿನಿಂದ ಬೇರೆಯಾದದ್ದೆಂಬುದರಲ್ಲಿ ನನಗೆ ಲವಲೇಶವೂ ಸಂಶಯ ಬರುವುದಿಲ್ಲ.

ಆ ಶೀಟು ಹಾಕಿದವನನ್ನು ಸುಲಭವಾಗಿ ನಿಂದಿಸುವುದೂ ನ್ಯಾಯವಲ್ಲ. ಮಂಗಗಳ ಹಾವಳಿಗೆ ಹೆಂಚು ಒಡೆದು, ಪ್ರತಿ ಮಳೆಗಾಲಕ್ಕೆ ಮುಂಚೆ ಕೈಯಾಡಿಸುವ ಆಳು ಸಿಕ್ಕದೆ, ಪಕ್ಕಾಸಿನ ಮರಕ್ಕೆ ಬೆಲೆ ತೆರಲಾರದೆ ಅವನು ತಗಡಿಗೆ ಶರಣಾಗಿದ್ದಾನೆ. ತಗಡನ್ನು ಅವನ ಅಗತ್ಯವು ಆರಿಸಿತು, ನೀಲಿಯನ್ನು ಮಾತ್ರ ಅವನು ಆರಿಸಿದನು. ಅದೇ ಅಂಗಡಿಯಲ್ಲಿ ಅದೇ ಬೆಲೆಗೆ ಇಟ್ಟಿಗೆಗೆಂಪು ಇತ್ತು. ಬಿಸಿಲುಸೀಮೆಯಲ್ಲಿ ತಗಡಿನ ಇಲ್ಲವೆ ಕಾಂಕ್ರೀಟಿನ ಅಡಿಯಲ್ಲಿ ಬೇಯುವವನು ಮೇಲೆ ಬಿಳಿಯನ್ನು ಬಳಿದರೆ ಅದು ಶಾಖವನ್ನು ಹಿಂದಿರುಗಿಸುತ್ತದೆ; ಅಲ್ಲಿ ಉಪಾಧಿಯೇ ಧರ್ಮ, ನನ್ನ ಪಾಕಜದ ವಾದವು ಅಲ್ಲಿ ಬಾಯಿಮುಚ್ಚಿಕೊಳ್ಳಬೇಕು.

ಉಳಿದ ಗೃಹಸ್ಥರಿಗೆ ನನ್ನ ಬಿನ್ನಹ ಇಷ್ಟೆ. ಗೋಡೆಗೆ ಮಾಡನ್ನು ಹೊಂದಿಸುವ ಕ್ರಮವನ್ನು ತಿರುಗಿಸಿಕೊಳ್ಳಿ. ಬಣ್ಣದ ಪಟ್ಟಿಯನ್ನು ಬಿಡಿಸುವುದಕ್ಕೆ ಮುಂಚೆ ಎದುರು ಗುಡ್ಡವನ್ನು ಹತ್ತಿ, ಅಲ್ಲಿಂದ ನಿಮ್ಮ ಊರು ಹೇಗೆ ಕಾಣುತ್ತದೆಂದು ಒಮ್ಮೆ ನೋಡಿ, ಅಲ್ಲಿಯ ಮನೆಯವರನ್ನೂ ಒಂದು ಮಾತು ಕೇಳಿ ಬಂದು ಮಾಡನ್ನು ನಿಶ್ಚಯಿಸಿರಿ. ಗೋಡೆಯ ಬಣ್ಣ ತಪ್ಪಿದರೆ ಮುಂದಿನ ದೀಪಾವಳಿಗೆ ತಿದ್ದಿಕೊಳ್ಳಬಹುದು.