ಡಿಬ್ ಹೇಳಿದ್ದು ನಿಜವಾಗಿತ್ತು

ಅನ್ಯಗ್ರಹದ ಜೀವಿಯೊಂದು ಶಾಲೆ ಸೇರಿ ಮಕ್ಕಳ ನಡುವೆ ಕೂರುವ ಕಥೆಗಳಿಂದ ನಾವು ಸಾಮಾನ್ಯವಾಗಿ ಸಹನೆಯ ಪಾಠ ತೆಗೆಯುತ್ತೇವೆ. ಬೇರೆಯಾಗಿ ಕಾಣುವವರನ್ನೂ ಸೇರಿಸಿಕೊಳ್ಳಬೇಕು ಎಂಬ ಪಾಠ. ಅದು ಒಳ್ಳೆಯದೇ. ಆದರೆ ‘ಇನ್ವೇಡರ್ ಜಿಮ್’ ಎಂಬ ಹಾಸ್ಯ ಸರಣಿ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಪ್ರಶ್ನೆಯಿಂದ. ಒಬ್ಬ ಹುಡುಗ ನಿಜ ಹೇಳುತ್ತಿದ್ದಾನೆ, ಪುರಾವೆ ಎಲ್ಲರ ಕಣ್ಣೆದುರಿಗಿದೆ, ಆದರೂ ಅವನನ್ನು ಯಾರೂ ನಂಬುವುದಿಲ್ಲ. ಇದು ಬರೀ ದಡ್ಡತನವೋ, ಆ ಹುಡುಗನಿಗೆ ಮಾಡಿದ ಅನ್ಯಾಯವೋ?

ಕಾಮಿಕ್ಸ್ ಕಲಾವಿದ ಜೋನೆನ್ ವಾಸ್ಕೆಜ್ ಸೃಷ್ಟಿಸಿದ ಈ ಅಮೆರಿಕನ್ ಕಾರ್ಟೂನ್ 2001ರ ಮಾರ್ಚ್‌ನಲ್ಲಿ ನಿಕಲೋಡಿಯನ್ ವಾಹಿನಿಯಲ್ಲಿ ಶುರುವಾಯಿತು. ಇರ್ಕ್ ಗ್ರಹದ ಜಿಮ್ ಭೂಮಿಯನ್ನು ಗೆಲ್ಲಲು ಬಂದವನು. ಹಸಿರು ಮೈ, ಕಿವಿಗಳೇ ಇಲ್ಲ. ತಲೆಗೊಂದು ವಿಗ್, ಕಣ್ಣಿಗೆ ಲೆನ್ಸು, ಅಷ್ಟೇ ಅವನ ವೇಷ. ತರಗತಿಗೆ ಕಾಲಿಟ್ಟ ದಿನವೇ ಡಿಬ್ ಎಂಬ ಹುಡುಗ ಅವನನ್ನು ಗುರುತಿಸಿ ಕೂಗುತ್ತಾನೆ. ಮೈ ಯಾಕೆ ಹಸಿರು? ಚರ್ಮರೋಗ ಎನ್ನುತ್ತಾನೆ ಜಿಮ್. ಕಿವಿ ಎಲ್ಲಿ? ಅದೂ ಅದೇ ರೋಗ. ತರಗತಿಗೆ ಅಷ್ಟು ಸಾಕಾಗುತ್ತದೆ. ಹುಚ್ಚನೆಂಬ ಹೆಸರು ಡಿಬ್‌ಗೆ ಅಂಟುತ್ತದೆ.

ತರಗತಿಯ ಪರವಾಗಿಯೂ ಗಟ್ಟಿಯಾದ ಒಂದು ವಾದವಿದೆ. ಯಾರಾದರೂ ಅಸಾಧಾರಣ ಸಂಗತಿಯೊಂದನ್ನು ಹೇಳಿದಾಗ, ಅದು ನಡೆದಿರುವ ಸಾಧ್ಯತೆ ಹೆಚ್ಚೋ ಹೇಳಿದವನು ತಪ್ಪಿರುವ ಸಾಧ್ಯತೆ ಹೆಚ್ಚೋ ಎಂದು ತೂಗಿ ನೋಡಬೇಕೆಂದು ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಬರೆದ. ನೀರು ಹೆಪ್ಪುಗಟ್ಟುತ್ತದೆ ಎಂಬ ಮಾತನ್ನು ಮೊದಲ ಸಲ ಕೇಳಿ ನಂಬದೆ ಹೋದ ಭಾರತದ ರಾಜಕುಮಾರನೊಬ್ಬನ ಉದಾಹರಣೆಯನ್ನೂ ಕೊಟ್ಟು, ಅವನ ತರ್ಕ ಸರಿಯಾಗಿಯೇ ಇತ್ತು ಎಂದ. ಡಿಬ್ ಹಿಂದೆಯೂ ಏನೇನೋ ವಿಚಿತ್ರಗಳನ್ನು ಕಂಡೆನೆಂದು ಹೇಳಿಕೊಂಡು ತಿರುಗಿದವನು. ಅವನ ಮಾತನ್ನು ಕೇಳಿದ ಕೂಡಲೇ ಒಪ್ಪಬೇಕಿಲ್ಲ, ನಿಜ. ಆದರೆ ರಾಜಕುಮಾರನ ಮುಂದೆ ಮಂಜುಗಡ್ಡೆ ಇರಲಿಲ್ಲ. ಇಲ್ಲಿ ಜಿಮ್ ಅದೇ ಕೋಣೆಯಲ್ಲಿ ಕೂತಿದ್ದಾನೆ. ಕಣ್ಣಾರೆ ಪರೀಕ್ಷಿಸಬಹುದಾದ ಕಡೆ ಹ್ಯೂಮನ ತಕ್ಕಡಿ ತರಗತಿಯನ್ನು ಕಾಪಾಡಲಾರದು.

ಯಾರ ಮಾತನ್ನು ನಂಬಬೇಕು ಎಂಬ ಪ್ರಶ್ನೆಯನ್ನು ನಮ್ಮ ನೈಯಾಯಿಕರು, ಎಂದರೆ ನ್ಯಾಯದರ್ಶನದ ಚಿಂತಕರು, ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ಶಬ್ದವನ್ನು, ಎಂದರೆ ನಂಬತಕ್ಕವನ ಮಾತನ್ನು, ಕಂಡು ತಿಳಿಯುವ ಪ್ರತ್ಯಕ್ಷ ಮತ್ತು ತರ್ಕಿಸಿ ತಿಳಿಯುವ ಅನುಮಾನಗಳ ಜೊತೆಗೆ ಪ್ರಮಾಣವೆಂದು, ಅಂದರೆ ಅರಿವಿನ ಸಾಧನವೆಂದು, ಒಪ್ಪಿದವರು ಅವರು. ನಂಬತಕ್ಕವನು, ಅಂದರೆ ಆಪ್ತ, ಯಾರು? ವಿಷಯವನ್ನು ಸ್ವತಃ ಕಂಡು ಅರಿತವನು, ಕಂಡದ್ದನ್ನು ಕಂಡಂತೆ ತಿಳಿಸುವ ಇಚ್ಛೆಯುಳ್ಳವನು. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಇಲ್ಲಿ ಒಂದು ಮಾತು ಸೇರಿಸುತ್ತಾನೆ: ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಜಾತಿ, ಪದವಿಗಳಿಗೆ ಅಷ್ಟು ಬೆಲೆಯಿದ್ದ ಕಾಲದಲ್ಲಿ ಈ ಮಾತನ್ನು ಬರೆಯಲು ಎಷ್ಟು ನೇರವಾದ ಬುದ್ಧಿ ಬೇಕಾಗಿತ್ತು ಎಂದು ನಾನು ಮತ್ತೆ ಮತ್ತೆ ಬೆರಗಾಗುತ್ತೇನೆ. ಆ ಪಟ್ಟಿಗೆ ಮಕ್ಕಳನ್ನೂ ಸೇರಿಸಬೇಕೆಂಬುದು ನನ್ನ ವಾದ. ಜಿಮ್‌ನ ವಿಷಯದಲ್ಲಿ ಡಿಬ್ ಆಪ್ತನೇ.

ಹೇಳಿದವನು ಯಾರೆಂಬ ಪೂರ್ವಗ್ರಹದಿಂದ ಅವನ ಮಾತಿನ ಬೆಲೆ ಇಳಿಸುವುದು ಸ್ವತಃ ಒಂದು ಅನ್ಯಾಯ, ಅದು ಅವನನ್ನು ‘ತಿಳಿದವನು’ ಎಂಬ ಸ್ಥಾನದಿಂದಲೇ ಕೆಳಗೆ ತಳ್ಳುತ್ತದೆ ಎಂದು ಇಂಗ್ಲೆಂಡಿನ ತತ್ತ್ವಜ್ಞಾನಿ ಮಿರಾಂಡಾ ಫ್ರಿಕರ್ 2007ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಡಿಬ್‌ನ ಮನೆಯಲ್ಲಿ ಈ ಅನ್ಯಾಯ ಇನ್ನೂ ಕಠೋರವಾಗಿದೆ. ಅವನ ಅಪ್ಪ ಪ್ರೊಫೆಸರ್ ಮೆಂಬ್ರೇನ್ ಜಗತ್ಪ್ರಸಿದ್ಧ ವಿಜ್ಞಾನಿ. ಮಗನ ಮಾತನ್ನು ಪರೀಕ್ಷಿಸಲು ಬೇಕಾದ ಉಪಕರಣ, ವಿದ್ಯೆ ಎಲ್ಲ ಅವನ ಕೈಯಲ್ಲಿವೆ. ಮಗನಿಗೆ ಬುದ್ಧಿ ಕೆಟ್ಟಿದೆ ಎಂದು ಮರುಗುತ್ತಾನೆಯೇ ಹೊರತು ಒಮ್ಮೆಯಾದರೂ ಪರೀಕ್ಷಿಸಿ ನೋಡೋಣ ಎನ್ನುವುದಿಲ್ಲ. ಆ ಕ್ಷಣದಲ್ಲಿ ವಿಜ್ಞಾನ ಇರುವುದು ಮಗನ ಹತ್ತಿರ. ತಂಗಿ ಗ್ಯಾಜ್‌ಗೆ ಎಲ್ಲ ಗೊತ್ತು. ಆದರೆ ಜಿಮ್‌ನಂಥ ಕೆಲಸಗೇಡಿಯಿಂದ ಭೂಮಿಗೇನೂ ಆಗದು ಎಂದು ಅವಳು ತಲೆಕೆಡಿಸಿಕೊಳ್ಳುವುದಿಲ್ಲ.

ಇರ್ಕ್ ಗ್ರಹವೂ ಇದಕ್ಕಿಂತ ಮೇಲಲ್ಲ. ಅಲ್ಲಿ ಎತ್ತರವಿದ್ದವರೇ ದೊರೆಗಳು. ಕುಳ್ಳ ಜಿಮ್‌ನ ಕಾಟ ತಪ್ಪಿದರೆ ಸಾಕೆಂದು ಸುಳ್ಳು ದಂಡಯಾತ್ರೆಯೊಂದನ್ನು ಹೇಳಿ ಅವರು ಅವನನ್ನು ದೂರ ಕಳಿಸಿದ್ದಾರೆ. ಎತ್ತರದವರ ಮಾತನ್ನು ಜಿಮ್ ಪ್ರಶ್ನಿಸದೆ ನಂಬಿದ. ಒಂದು ಕಡೆ ನಂಬಿಕೆ ತೀರ ಕಡಿಮೆ, ಇನ್ನೊಂದು ಕಡೆ ತೀರ ಹೆಚ್ಚು. ಎರಡು ಕಡೆಯೂ ಮಾತನ್ನು ಬಿಟ್ಟು ಆಳನ್ನು ಅಳೆಯಲಾಗಿದೆ. ಮಕ್ಕಳು ಇದನ್ನು ನೋಡಿ ಅಷ್ಟು ನಗುವುದಕ್ಕೆ ಕಾರಣ ಅವರಿಗೆ ಇದು ಹೊಸದಲ್ಲ ಎಂಬುದೇ ಇರಬೇಕು. ಹೊಟ್ಟೆನೋವು ಎಂದರೆ ಶಾಲೆ ತಪ್ಪಿಸುವ ನೆಪ, ಅವನು ಹೊಡೆದ ಎಂದರೆ ನೀನೇನು ಮಾಡಿದೆ ಎಂಬ ಮರುಪ್ರಶ್ನೆ, ದೊಡ್ಡವರೊಬ್ಬರ ನಡತೆ ಸರಿಯಿಲ್ಲ ಎಂದರೆ ಬಾಯಿ ಮುಚ್ಚು ಎಂಬ ಗದರಿಕೆ. ಕೊನೆಯದಕ್ಕೆ ಎಷ್ಟೋ ಮಕ್ಕಳು ಬದುಕಿಡೀ ಬೆಲೆ ತೆರುತ್ತಾರೆ.

ಹಾಗೆಂದು ಡಿಬ್‌ನನ್ನು ಪೂರ್ತಿ ಎತ್ತಿ ಹಿಡಿಯಲು ನನ್ನಿಂದಾಗದು. ಜಿಮ್‌ನನ್ನು ಹಿಡಿದು ಛೇದನದ ಮೇಜಿನ ಮೇಲೆ ಮಲಗಿಸಬೇಕೆಂಬುದು ಅವನ ಆಸೆ. ನಿಜ ಕಂಡವನಿಗೆ ಆ ನಿಜವನ್ನು ಮಾತಾಡುವ ಹಕ್ಕಿದೆ, ಇನ್ನೊಂದು ಜೀವವನ್ನು ಸೀಳುವ ಹಕ್ಕು ಅದರ ಜೊತೆಗೆ ಬರುವುದಿಲ್ಲ. ಸಹನೆಯ ಪಾಠ ತನ್ನ ಜಾಗಕ್ಕೆ ಬರುವುದು ಇಲ್ಲಿ. ಹೌದು, ಇವನು ಬೇರೆ ಗ್ರಹದವನೇ ಎಂದು ತರಗತಿ ಡಿಬ್‌ಗೆ ಒಪ್ಪಿ ಹೇಳಬಹುದಿತ್ತು. ಜಿಮ್‌ನ ಕೈಗೆ ಭೂಮಿಯನ್ನೂ ಡಿಬ್‌ನ ಕೈಗೆ ಕತ್ತಿಯನ್ನೂ ಕೊಡದೆ ಇಬ್ಬರನ್ನೂ ತರಗತಿಯಲ್ಲಿ ಉಳಿಸಿಕೊಳ್ಳಬಹುದಿತ್ತು. ಹಸಿರು ಮೈಯನ್ನು ಚರ್ಮರೋಗವೆಂದು ನಂಬಿ ತೋರಿಸುವ ಕರುಣೆಗಿಂತ ಅದು ಕಷ್ಟದ ಕೆಲಸ.