ಗಲ್ಲೆಯ ಮುಂದಿನ ವೈರಾಗ್ಯ

ಲಾಭಕ್ಕಾಗಿ ದಿನವಿಡೀ ದುಡಿಯುವವನು ಲಾಭದ ಮೋಹದಿಂದ ದೂರ ಉಳಿಯಬಲ್ಲನೇ ಎಂಬುದು ಭಾರತೀಯ ಧರ್ಮಚಿಂತನೆಯ ಹಳೆಯ ಪ್ರಶ್ನೆ. ಫಲದ ಆಸೆಯಿಲ್ಲದೆ ಕರ್ಮ ಮಾಡು ಎಂದು ಗೀತೆ ಉತ್ತರಿಸಿತು. ಆದರೆ ಫಲವನ್ನು ಎಣಿಸುವುದೇ ಕಸುಬಾದ ವರ್ತಕನಿಗೆ ಆ ಉತ್ತರ ಸುಲಭವಾಗಿ ಒಗ್ಗದು. ಯೋಧ ಗೆಲುವನ್ನು ಮರೆತು ಹೋರಾಡಬಹುದು, ಅಂಗಡಿಯವನು ಅಸಲು ಮರೆತು ಮಾರಲಾರ. ಪೇಟೆಯ ಜನ ಈ ತೊಡಕನ್ನು ತರ್ಕದಿಂದ ಬಿಡಿಸಲು ಹೋಗದೆ ಕೆಲವು ಸಣ್ಣ ರೂಢಿಗಳಿಂದ ಸಂಭಾಳಿಸಿದರು. ಕದ ಹಾಕುವ ಮೊದಲು ಲೆಕ್ಕ ತಾಳೆ ನೋಡುವುದು, ಮನೆಯ ಖರ್ಚನ್ನು ಅಂಗಡಿಯ ಹಣದಿಂದ ಬೇರೆ ಇಡುವುದು, ಆಸ್ತಿಗೆ ಮೊದಲೇ ಮಿತಿ ಹಾಕಿಕೊಳ್ಳುವುದು, ಮಾರಾಟದಲ್ಲೇ ಧರ್ಮದ ಪಾಲು ಎತ್ತಿಡುವುದು ಅವುಗಳಲ್ಲಿ ಮುಖ್ಯವಾದವು. ಇಂದು ಕಾರ್ಯಕ್ಷಮತೆಯ ಸೂತ್ರಗಳೆಂದು ಹೇಳಿಕೊಡುವ ಎಷ್ಟೋ ಮಾತುಗಳು ಇಲ್ಲಿ ವ್ರತವಾಗಿಯೋ ನೇಮವಾಗಿಯೋ ಮೊದಲೇ ಇದ್ದವು.

ಇದನ್ನು ಒರೆಗೆ ಹಚ್ಚಿ ನೋಡಲು ಹೈದರಾಬಾದಿನ ಬೇಗಂ ಬಜಾರ್ ತಕ್ಕ ಜಾಗ. ಮೂಸಿ ನದಿಯ ಉತ್ತರಕ್ಕೆ, ಅಫ್ಜಲ್‌ಗಂಜ್‌ಗೆ ಅಂಟಿಕೊಂಡಿರುವ ಈ ಸಗಟು ಪೇಟೆಯಲ್ಲಿ ಒಣಹಣ್ಣು, ಮಸಾಲೆ, ಹಿತ್ತಾಳೆ-ಸ್ಟೀಲಿನ ಪಾತ್ರೆಗಳ ವ್ಯಾಪಾರ ದೊಡ್ಡದು. 1762ರಿಂದ 1803ರವರೆಗೆ ಆಳಿದ ನಿಜಾಮ್ ಅಲಿ ಖಾನನ ಬೇಗಂ ಹಮ್ದಾ ಈ ನೆಲವನ್ನು ವರ್ತಕರಿಗೆ ಕೊಟ್ಟಳೆಂದೂ ಅದರಿಂದಲೇ ಈ ಹೆಸರು ಬಂತೆಂದೂ ಹೇಳುತ್ತಾರೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಆ ಭಾಗದ ಕನ್ನಡಿಗರಿಗೂ ಇದು ಪರಊರಿನ ಪೇಟೆಯಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ದೊಡ್ಡ ಸಾಹುಕಾರರಲ್ಲಿ ಕೆಲವರು ಸನ್ಯಾಸಿಗಳು. ಮಾತಿನ ಅಲಂಕಾರಕ್ಕೆ ಹಾಗೆಂದದ್ದಲ್ಲ, ಅವರು ದಶನಾಮಿ ಶೈವ ಪರಂಪರೆಗೆ ಸೇರಿದ ಗೋಸಾವಿಗಳು, ಹೆಸರಿನ ಕೊನೆಗೆ ಗಿರಿ, ಪುರಿ ಎಂದು ಇಟ್ಟುಕೊಂಡವರು. ಉತ್ತರ ಭಾರತದಲ್ಲಿ ಹದಿನೆಂಟನೆಯ ಶತಮಾನದ ಹೊತ್ತಿಗೇ ಇವರು ಪ್ರಬಲ ವರ್ತಕರಾಗಿದ್ದರು. ಯಾತ್ರೆಯ ದಾರಿಯೇ ಸರಕಿನ ದಾರಿಯಾಯಿತು. ಊರೂರಿನ ಮಠಗಳು ಉಗ್ರಾಣವೂ ಹುಂಡಿ ತೀರಿಸುವ ಜಾಗವೂ ಆದವು. ಬರ್ನಾರ್ಡ್ ಕೋನ್ 1964ರಲ್ಲಿ ಉತ್ತರದ ಗೋಸಾವಿಗಳ ಬಗ್ಗೆಯೂ, ಕ್ಯಾರೆನ್ ಲಿಯೊನಾರ್ಡ್ 1981ರಲ್ಲಿ ಹೈದರಾಬಾದಿನ ಲೇವಾದೇವಿ ಮನೆತನಗಳ ಬಗ್ಗೆಯೂ ಬರೆದಿದ್ದಾರೆ. ಗೋಸಾವಿಗಳ ಪೇಢಿ ತಂದೆಯಿಂದ ಮಗನಿಗೆ ಹೋಗದೆ ಗುರುವಿನಿಂದ ಚೇಲನಿಗೆ ಹೋಗುತ್ತಿತ್ತು. ಮಕ್ಕಳಲ್ಲಿ ಪಾಲಾಗಿ ಬಂಡವಾಳ ಚೂರಾಗುವ ಭಯವಿಲ್ಲ, ಮದುವೆ ಮುಂಜಿಯ ಖರ್ಚಿಲ್ಲ, ಚೇಲನನ್ನು ಆರಿಸುವಾಗ ರಕ್ತಸಂಬಂಧದ ಹಂಗಿಲ್ಲ. ವೈರಾಗ್ಯಕ್ಕೆಂದು ಹಾಕಿದ ಕಟ್ಟುಪಾಡು ಬಂಡವಾಳ ಬೆಳೆಯಲು ಹದವಾದ ನೆಲವಾಯಿತು. ಇದರಲ್ಲಿ ವಿಡಂಬನೆ ಕಾಣುವವರು ಕಾಣಲಿ. ಹಣ ತನ್ನದಲ್ಲ, ತಾನು ಅದರ ಪಾರುಪತ್ಯಗಾರ ಮಾತ್ರ ಎಂಬ ಭಾವ ಕೇವಲ ಉಪದೇಶವಾಗಿರದೆ ಆಡಳಿತದ ಪದ್ಧತಿಯೂ ಆಗಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಅಪರೂಪ.

ಸಂಸಾರಿ ವರ್ತಕ ಅದೇ ದೂರವನ್ನು ಲೆಕ್ಕದ ಪುಸ್ತಕದಿಂದ ಸಾಧಿಸಿದ. ಕೆಂಪು ಬಟ್ಟೆಯ ರಟ್ಟಿನ ಬಹಿಯಲ್ಲಿ, ಕನ್ನಡ ಪೇಟೆಗಳ ಕಿರ್ದಿ-ಖಾತೆಗಳಲ್ಲಿ, ಜಮಾ ಒಂದು ಬದಿ, ಖರ್ಚು ಇನ್ನೊಂದು ಬದಿ. ಯಜಮಾನ ಮನೆಗೆಂದು ಗಲ್ಲೆಯಿಂದ ತೆಗೆದ ದುಡ್ಡೂ ಅವನ ಹೆಸರಿಗೆ ಖರ್ಚು ಬೀಳಬೇಕು. ಅಂದರೆ ಅಂಗಡಿಯ ಒಡೆಯನೇ ಅಂಗಡಿಗೆ ಸಾಲಗಾರ. ಕದ ಹಾಕುವ ಮುನ್ನ ಕಿರ್ದಿಯ ಶಿಲ್ಕೂ ಪೆಟ್ಟಿಗೆಯ ರೋಖವೂ ತಾಳೆಯಾಗಬೇಕು. ಸಣ್ಣ ಮೊತ್ತ ವ್ಯತ್ಯಾಸ ಬಂದರೂ ಮುನೀಮ ಎದ್ದುಹೋಗುವಂತಿಲ್ಲ. ಆ ಸಣ್ಣ ಮೊತ್ತಕ್ಕಾಗಿ ಇಷ್ಟು ಹಟವೇಕೆ ಎಂದು ಹೊಸಬರಿಗೆ ಅನ್ನಿಸುವುದು ಸಹಜ. ತಪ್ಪು ಆದ ದಿನವೇ ಸಿಕ್ಕರೆ ಯಾರ ಕೈಯಿಂದ ಆಯಿತೆಂದು ನೆನಪಿರುತ್ತದೆ, ತಿಂಗಳು ಕಳೆದರೆ ಅನುಮಾನ ಎಲ್ಲರ ಮೇಲೂ ಹರಡುತ್ತದೆ. ಘನಶ್ಯಾಮ್‌ದಾಸ್ ಬಿರ್ಲಾ ಅವರ ಉದ್ಯಮಗಳಲ್ಲಿ ಹೆಸರಾದ ‘ಪಡ್ತಾ’ ಪದ್ಧತಿ ಈ ರೂಢಿಯನ್ನೇ ಗಿರಣಿಗೆ ಹಿಗ್ಗಿಸಿತು. ಇಷ್ಟು ಲಾಭ ಬರಬೇಕಿತ್ತು, ಇಷ್ಟು ಬಂತು ಎಂಬುದನ್ನು ವರ್ಷದ ಕೊನೆಗೆ ಕಾಯದೆ ದಿನದಿನವೂ ನೋಡುವ ಕ್ರಮ ಅದು.

ದಿನದ ಕೊನೆಗೆ ಹಿಂದಿರುಗಿ ನೋಡುವುದನ್ನು ಜೈನರು ಹಣದಾಚೆಗೂ ಒಯ್ದರು. ಸಂಜೆಯ ಪ್ರತಿಕ್ರಮಣದಲ್ಲಿ ಅಂದಿನ ನಡೆ-ನುಡಿಯ ತಪ್ಪುಗಳನ್ನು ನೆನೆದು ಹಿಂದೆಗೆಯುತ್ತಾರೆ. ಸಾಮಾಯಿಕಕ್ಕೆ ಒಂದು ಮುಹೂರ್ತ, ಅಂದರೆ 48 ನಿಮಿಷ, ಎಲ್ಲ ವ್ಯವಹಾರ ಬಿಟ್ಟು ಕೂರುತ್ತಾರೆ. ಗೃಹಸ್ಥನ ಅಣುವ್ರತಗಳಲ್ಲಿ ಪೇಟೆಯ ವಾಸನೆ ಎದ್ದು ಕಾಣುತ್ತದೆ. ಅಚೌರ್ಯ ವ್ರತಕ್ಕೆ ಭಂಗ ತರುವ ಕೃತ್ಯಗಳನ್ನು ಹೇಳುವಾಗ ತತ್ವಾರ್ಥಸೂತ್ರವು ಕದ್ದ ಮಾಲು ಕೊಳ್ಳುವುದು, ತೂಕ-ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆ ಮಾಡುವುದು ಎಂದು ಬಿಡಿಸಿ ಹೇಳುತ್ತದೆ. ಪರಿಗ್ರಹ ಪರಿಮಾಣವು ಇಷ್ಟಕ್ಕಿಂತ ಹೆಚ್ಚು ಆಸ್ತಿ ಇಟ್ಟುಕೊಳ್ಳೆನು ಎಂಬ ವ್ರತ. ಮಿತಿಯನ್ನು ಗಳಿಸಿದ ಮೇಲೆ ಹಾಕಿಕೊಳ್ಳದೆ ಗಳಿಸುವ ಮೊದಲೇ ಹಾಕಿಕೊಳ್ಳುವುದರಲ್ಲಿದೆ ಅದರ ಸತ್ವ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 13 ಗುಣಗಳ ಪಟ್ಟಿ ಮಾಡಿ, ತಪ್ಪಿದಲ್ಲೆಲ್ಲ ಚುಕ್ಕೆ ಇಡುತ್ತಿದ್ದುದು ಪ್ರಸಿದ್ಧ. ಅವನ ಪುಸ್ತಕ ಅವನೊಬ್ಬನದು. ಪ್ರತಿಕ್ರಮಣವನ್ನಾದರೋ ಹಲವರು ಕೂಡಿ ಕುಳಿತು ಮಾಡುವ ವಾಡಿಕೆಯಿದೆ. ನೇಮ ಬಾಳುವುದು ಇಂಥ ಕೂಟದಿಂದಲೇ ಇರಬೇಕು.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಇದೇ ಪ್ರಶ್ನೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಬಸವಣ್ಣ ಬಿಜ್ಜಳನ ಭಂಡಾರಿ. ಭಂಡಾರದ ಹಣವನ್ನು ಜಂಗಮರಿಗೆ ಸುರಿದನೆಂಬ ದೂರು ಬಂದು, ಎಣಿಸಿದಾಗ ಲೆಕ್ಕ ಸರಿಹೋಯಿತೆಂಬ ಕಥೆ ಪುರಾಣಗಳಲ್ಲಿದೆ. ಪವಾಡವನ್ನು ನಂಬದವರೂ ಕಥೆ ಒಪ್ಪಿಕೊಂಡ ನಿಯಮವನ್ನು ಗಮನಿಸಬಹುದು: ಭಕ್ತಿ ಎಷ್ಟೇ ಇರಲಿ, ಭಂಡಾರ ಎಣಿಕೆಗೆ ತೆರೆದಿರಬೇಕು. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಕಳಿಸಿದಳು. ಕಾಯಕದಲ್ಲಿ ದುಡಿತಕ್ಕೆ ಮಿತಿಯಿಲ್ಲ, ಕೂಡಿಡುವುದಕ್ಕೆ ಇದೆ, ಮಿಕ್ಕಿದ್ದು ದಾಸೋಹಕ್ಕೆ. ಸಗಟು ವ್ಯಾಪಾರಿಗೆ ಇದು ಇಕ್ಕಟ್ಟು. ಮುಂದಿನ ಹಂಗಾಮಿನ ಮಾಲಿಗೆ ಬಂಡವಾಳ ಉಳಿಸದವನು ಅಂಗಡಿ ಮುಚ್ಚಬೇಕಾಗುತ್ತದೆ, ಅಂಗಡಿ ಮುಚ್ಚಿದರೆ ದಾಸೋಹವೂ ನಿಲ್ಲುತ್ತದೆ. ಈ ಒಂದು ವಿಷಯದಲ್ಲಿ ಜೈನರ ಪರಿಮಾಣ ವ್ರತ ವರ್ತಕನಿಗೆ ಹೆಚ್ಚು ಹೊಂದುತ್ತದೆ, ಲಕ್ಕಮ್ಮನ ನೇಮ ದಿನಗೂಲಿಯ ಕಾಯಕಕ್ಕೆ ಹೆಚ್ಚು ಹೊಂದುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಕಾಯಕವೇ ಇಂದಿನ ಉದ್ಯಮಶೀಲತೆ ಎನ್ನುವ ಭಾಷಣಗಳು ಲಕ್ಕಮ್ಮನ ಮಾತನ್ನು ಕಿವಿಗೆ ಹಾಕಿಕೊಂಡಂತಿಲ್ಲ.

ಧರ್ಮದ ಪಾಲಿಗೆ ಉತ್ತರದ ವರ್ತಕರಲ್ಲಿ ‘ಧರ್ಮಾದಾ’ ಎಂಬ ಕಟ್ಟಳೆಯಿದೆ. ಮಾಲಿನ ಬಿಲ್ಲಿನಲ್ಲೇ ಸಣ್ಣ ಮೊತ್ತ ಸೇರಿಸಿ, ಬೇರೆ ಖಾತೆಯಲ್ಲಿಟ್ಟು, ಗೋಶಾಲೆ, ಧರ್ಮಶಾಲೆ, ಅನ್ನದಾನಗಳಿಗೆ ಕೊಡುವುದು ಪದ್ಧತಿ. ಈ ಹಣ ವ್ಯಾಪಾರಿಯ ಆದಾಯವೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬಿಜಲಿ ಕಾಟನ್ ಮಿಲ್ಸ್ ಪ್ರಕರಣದ ತೀರ್ಪು, ದಾನಕ್ಕೆಂದೇ ಪಡೆದ ಹಣ ಅವನ ವ್ಯಾಪಾರದ ಆದಾಯವಲ್ಲ ಎಂದಿತು. ಗಿರಾಕಿಯ ದುಡ್ಡಿನಲ್ಲಿ ವ್ಯಾಪಾರಿಗೆ ಪುಣ್ಯವೇ ಎಂಬ ತಕರಾರು ನ್ಯಾಯವಾದದ್ದು. ಆದರೂ ಖಾತೆ ಬೇರೆಯಿದ್ದರೆ ದಾನವು ಯಜಮಾನನ ಅಂದಿನ ಮನಸ್ಥಿತಿಗೆ ಜೋತುಬೀಳುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಪೇಟೆಯಲ್ಲಿ ಸರಳ ಬದುಕು, ಪೂಜೆ, ದಾನಗಳು ಸಾಲದ ಯೋಗ್ಯತೆಯನ್ನೂ ಹೆಚ್ಚಿಸುತ್ತವೆ. ಉತ್ತರ ಭಾರತದ ವರ್ತಕ ಮನೆತನಗಳ ಬಗ್ಗೆ 1983ರಲ್ಲಿ ಬರೆದ ಸಿ. ಎ. ಬೇಯ್ಲಿ, ಮನೆತನದ ನಡತೆಗೂ ಹುಂಡಿಯ ಬೆಲೆಗೂ ಇದ್ದ ನಂಟನ್ನು ವಿವರವಾಗಿ ತೋರಿಸಿದರು. ಹಾಗಾದರೆ ಇದು ಭಕ್ತಿಯೋ, ಪತ್ತನ್ನು ಕಾಯುವ ಉಪಾಯವೋ? ಹೊರಗಿನಿಂದ ಬೇರ್ಪಡಿಸಲು ಬರುವುದಿಲ್ಲ. ಯಾರೂ ನೋಡದ ನೇಮಗಳಿಗೆ, ಅಂದರೆ ಮನೆ ಖರ್ಚಿನ ಖಾತೆ ಮತ್ತು ಮನಸ್ಸಿನಲ್ಲಿ ಹಾಕಿಕೊಂಡ ಮಿತಿಗಳಿಗೆ, ಈ ವಿಷಯದಲ್ಲಿ ಉತ್ಸವದ ವಂತಿಗೆಗಿಂತ ಹೆಚ್ಚು ತೂಕ ಕೊಡಬೇಕಾಗುತ್ತದೆ.

ನೇಮಗಳು ಎಲ್ಲವನ್ನೂ ಕಾಯುವುದಿಲ್ಲ. ಹೈದರಾಬಾದಿನ ಸಾಹುಕಾರರ ಬಹುದೊಡ್ಡ ಗಿರಾಕಿ ನಿಜಾಮನ ಸರ್ಕಾರ. 1814ರಲ್ಲಿ ಶುರುವಾದ ವಿಲಿಯಂ ಪಾಮರ್ ಕಂಪನಿ ಅದಕ್ಕೇ ಸಾಲ ಕೊಟ್ಟು 1824ರಲ್ಲಿ ಮುಳುಗಿತು. ದೇಶೀ ಸಾಹುಕಾರರು ಸಾಲಕ್ಕೆ ಪ್ರತಿಯಾಗಿ ತಾಲ್ಲೂಕುಗಳ ಕಂದಾಯವನ್ನೇ ಅಡವು ಹಿಡಿದಿದ್ದರು. 1853ರಲ್ಲಿ ದಿವಾನನಾದ ಸಾಲಾರ್ ಜಂಗ್ ಕಂದಾಯವನ್ನು ಸರ್ಕಾರದ ಕೈಗೆ ತಂದ ಮೇಲೆ ಹಳೆಯ ಪೇಢಿಗಳ ಬುಡ ಅಲುಗಿತು. ಒಬ್ಬನೇ ಸಾಲಗಾರನನ್ನು ನೆಚ್ಚಬಾರದೆಂಬ ಎಚ್ಚರವನ್ನು ರಾತ್ರಿಯ ತಾಳೆ ಕೊಡುವುದಿಲ್ಲ. ಕಿರ್ದಿ ಕೊಟ್ಟದ್ದನ್ನೂ ಬಂದದ್ದನ್ನೂ ಹೇಳುತ್ತದೆಯೇ ಹೊರತು ಯಾರಿಗೆ ಕೊಡಬೇಕಿತ್ತೆಂದು ಹೇಳುವುದಿಲ್ಲ.

ವರ್ಷದ ಲೆಕ್ಕ ಮೊದಲು ದೀಪಾವಳಿಯಿಂದ ದೀಪಾವಳಿಗೆ ನಡೆಯುತ್ತಿತ್ತು. ಹೊಸ ಬಹಿಗೆ ಶುಭ-ಲಾಭ ಬರೆದು ಪೂಜಿಸಿದ ದಿನವೇ ತೆರಿಗೆಗೂ ಹೊಸ ವರ್ಷ ಆಗಬಹುದಿತ್ತು. 1989ರಿಂದ ಆದಾಯ ತೆರಿಗೆಗೆ ಎಲ್ಲರ ವರ್ಷವೂ ಮಾರ್ಚ್ 31ಕ್ಕೇ ಮುಗಿಯತೊಡಗಿತು. ಪೂಜೆ ದೀಪಾವಳಿಯಲ್ಲೇ ಉಳಿಯಿತು, ಲೆಕ್ಕ ಬೇಸಿಗೆಗೆ ಹೋಯಿತು. ದಿನದ ತಾಳೆಯನ್ನು ಈಗ ಬಹುಪಾಲು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಯಜಮಾನನ ಮನೆ ಖರ್ಚನ್ನು ಅವನ ಹೆಸರಿಗೆ ಹಾಕುವ ಕೆಲಸ ಮಾತ್ರ ಇವತ್ತಿಗೂ ಯಾರಾದರೊಬ್ಬರು ಕುಳಿತು ಮಾಡಬೇಕಾದದ್ದು.